ಆ ಮೀನು ಅವರು ಹಿಡಿದದ್ದಲ್ಲ

ಮೀನಿನ ತೂಕದ ವಿಷಯದಲ್ಲಿ ಸುಳ್ಳು ಹೇಳದ ಗಾಳ ಹಾಕುವವರನ್ನು ನಾನು ನೋಡಿದ್ದು ಒಬ್ಬರನ್ನೇ. ಕ್ಯಾಂಟೀನಿನಲ್ಲಿ ಯಾರಾದರೂ ಅವರ ಭಾನುವಾರದ ಮೀನಿನ ಬಗ್ಗೆ ‘ಎರಡು ಕಿಲೋ ಇತ್ತಂತೆ’ ಎಂದರೆ ಸಾಕು, ಊಟದ ತಟ್ಟೆ ಹಿಡಿದುಕೊಂಡೇ ಮೂರು ಮೇಜು ದಾಟಿ ಬಂದು ತಿದ್ದುತ್ತಿದ್ದರು. “ಒಂದೂಕಾಲ್ರಿ. ಅದಕ್ಕೂ ಕೆಸರ ಹತ್ತಿತ್ತು. ತೊಳದು ತೂಗಿದ್ರ ಇನ್ನೂ ಕಡಿಮಿ ಬರ್ತಿತ್ತು.” ಅಷ್ಟು ಹೇಳಿ ತಮ್ಮ ಜಾಗಕ್ಕೆ ಹೋಗಿ ಮತ್ತೆ ಊಟಕ್ಕೆ ಕೂರುತ್ತಿದ್ದರು. ನಗುವವರು ನಗುತ್ತಿದ್ದರು. ಅವರಿಗೆ ಅದರಲ್ಲಿ ತಮಾಷೆಯೇನೂ ಕಾಣುತ್ತಿರಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆಯಬೇಕಾದರೆ ಮನೆಯವರನ್ನು ಕೇಳಬೇಕು, ಕೇಳುವ ಮುಖ ನನಗಿಲ್ಲ. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಮರಾಠಿಯವರೂ ಹಾಗೇ ಕರೆಯುತ್ತಿದ್ದರು, ಬಿಹಾರದಿಂದ ಬಂದವರೂ ಹಾಗೇ. ನಾನೂ ಹಾಗೇ ಕರೆದೆ.

ಪುಣೆಯ ಹತ್ತಿರದ ತಳೇಗಾಂವ ದಾಭಾಡೆಯ ಕೈಗಾರಿಕಾ ವಸಾಹತಿನಲ್ಲಿ, ವಾಹನಗಳಿಗೆ ಲೋಹದ ಬಿಡಿಭಾಗ ಒತ್ತಿ ಕೊಡುವ ಕಾರ್ಖಾನೆ ಅದು. ಮೈಸೂರಿನಿಂದ ನಾನು ಅಲ್ಲಿಗೆ ಎಂಜಿನಿಯರ್ ಆಗಿ ಸೇರಿದ್ದು ಏಳೆಂಟು ವರ್ಷದ ಹಿಂದೆ. ಸೇರಿದ ಮೊದಲ ವಾರ, ಪ್ರೆಸ್ ಶಾಪಿನ ಬಾಗಿಲ ಬಳಿ ನಿಂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಖಾಕಿ ಅಂಗಿ ತೊಟ್ಟ, ಕುಳ್ಳಗೆ ಗಟ್ಟಿಮುಟ್ಟಾದ ಒಬ್ಬರು ಸ್ವಲ್ಪ ದೂರದಲ್ಲಿ ನಿಂತಿದ್ದರು. ನಾನು ಫೋನ್ ಇಟ್ಟ ಮೇಲೆ ಅಂಗೈ ಎರಡನ್ನೂ ತೊಡೆಗೆ ಒರೆಸಿಕೊಳ್ಳುತ್ತಾ ಹತ್ತಿರ ಬಂದರು. ಏನಾದರೂ ಮಾತಾಡುವ ಮೊದಲು ಹಾಗೆ ಕೈ ಒರೆಸಿಕೊಳ್ಳುವುದು ಅವರ ಅಭ್ಯಾಸ.

“ಮೈಸೂರವ್ರೇನ್ರಿ?”

“ಹೌದು. ಹೇಗೆ ಗೊತ್ತಾಯ್ತು?”

“ನಿಮ್ಮ ಕನ್ನಡ ಭಾಳ ಮೆತ್ತಗದ. ಇಲ್ಲಿ ಗದ್ದಲದಾಗ ಅದು ಕೇಳ್ಸೂದಿಲ್ರಿ. ಒಂದೀಟು ಜೋರ ಮಾತಾಡ್ರಿ.”

ಅಂದಿನಿಂದ ನಾನು ಅವರಿಗೆ ‘ಮೈಸೂರವ್ರು’. ಹುದ್ದೆಯಲ್ಲಿ ನಾನು ಮೇಲಿನವನು, ವಯಸ್ಸಿನಲ್ಲಿ ಅವರ ಮಗನಂತಿದ್ದವನು. ಈ ಎರಡು ತೊಡಕನ್ನೂ ಅವರು ಆ ಒಂದೇ ಹೆಸರಿನಿಂದ ದಾಟಿಬಿಟ್ಟರು.

ಅವರ ಊರು ಬಾಗಲಕೋಟೆಯ ಕಡೆ, ಘಟಪ್ರಭೆಯ ದಡದ ಒಂದು ಹಳ್ಳಿ. ತಳೇಗಾಂವಕ್ಕೆ ಬಂದು ಇಪ್ಪತ್ತೈದು ವರ್ಷ ಆಗಿತ್ತು. ಪ್ರೆಸ್ ಶಾಪಿನಲ್ಲಿ ಭಾರದ ಅಚ್ಚುಗಳನ್ನು ಯಂತ್ರಕ್ಕೆ ಕೂರಿಸುವ ಕೆಲಸ. ವಾರದ ಆರು ದಿನ ಕಬ್ಬಿಣ. ಏಳನೆಯ ದಿನ ನೀರು. ಚಳಿಗಾಲದಲ್ಲಂತೂ ಒಂದು ಭಾನುವಾರವನ್ನೂ ಅವರು ಬಿಟ್ಟವರಲ್ಲ.

ತಳೇಗಾಂವದಿಂದ ಹತ್ತು ಹನ್ನೆರಡು ಕಿಲೋಮೀಟರ್ ಆಚೆ ಗುಡ್ಡದ ಬುಡದಲ್ಲಿ ಒಂದು ಸಣ್ಣ ಕೆರೆಯಿದೆ. ಮಳೆ ನೀರು ಇಂಗಲಿ ಎಂದು ಕಟ್ಟಿದ್ದು, ಅಲ್ಲಿನವರು ಪಾಝರ್ ತಲಾವ್ ಎನ್ನುತ್ತಾರೆ. ಅಲ್ಲಿ ಮರಳ್ ಎಂಬ ಮೀನು ಸಿಗುತ್ತದೆ. ನಮ್ಮ ಕಡೆ ಕೊರಮೀನು ಎನ್ನುತ್ತಾರೆ. ಹಾವಿನಂಥ ತಲೆ, ಕಪ್ಪು ಬೆನ್ನು, ಬಾಯಿ ತುಂಬ ಹಲ್ಲು. ನೀರೊಳಗಿದ್ದರೂ ಆಗಾಗ ಮೇಲೆ ಬಂದು ಗಾಳಿ ಕುಡಿದು ಹೋಗುವ ಮೀನು. ಕಾಕಾ ದಡದಲ್ಲಿ ಕೂತು ಆ ಒಂದು ಗುಳ್ಳೆಗಾಗಿ ಕಾಯುತ್ತಿದ್ದರು. ಸೈಕಲ್ ಟ್ಯೂಬನ್ನು ಕತ್ತರಿಸಿ, ಬಾಟಲಿಯ ಬಿರಡೆಯ ಮೇಲೆ ಸುತ್ತಿ, ಎರಡು ಕೊಕ್ಕೆ ಸಿಕ್ಕಿಸಿ ತಾವೇ ಮಾಡಿದ ರಬ್ಬರ್ ಕಪ್ಪೆಯೊಂದು ಅವರ ಹತ್ತಿರ ಇತ್ತು. ಅದನ್ನು ಗುಳ್ಳೆ ಎದ್ದ ಕಡೆಯಿಂದ ಒಂದು ಮಾರು ಆಚೆಗೆ ಎಸೆದು, ಬಸವನಹುಳು ನಡೆದಂತೆ ಈಚೆಗೆ ಎಳೆದುಕೊಳ್ಳುತ್ತಿದ್ದರು.

ನನಗೆ ಕಲಿಸಿದವರು ಅವರೇ. ಮೊದಲ ದಿನ ನಾನು ಗಾಳದ ದಾರವನ್ನು ಸರಸರ ಎಳೆದುಕೊಂಡಾಗ ನನ್ನ ಮಣಿಕಟ್ಟಿನ ಮೇಲೆ ಕೈಯಿಟ್ಟು ತಡೆದರು.

“ಥಂಡ್ಯಾಗ ಮೀನಾ ನಮ್ಮಂಗನ ಹೊಚಗೊಂಡು ಮಲಗಿರ್ತಾವ್ರಿ. ಬೆನ್ನ ಹತ್ತಿ ಓಡಿ ಬಂದು ತಿನ್ನೂದಿಲ್ಲ. ಅವರ ಮನಿ ಬಾಗಲ ಮುಂದ ತಾಟ ಇಟ್ಟು ಸುಮ್ಮ ಕೂಡಬೇಕು.”

“ಎಷ್ಟು ಹೊತ್ತು?”

“ಅವಕ್ಕ ಹಸಿವಿ ಆಗೂಮಟ.”

ಬೆಳಗಿನ ಮಂಜು ಕರಗುವವರೆಗೆ ಅವರು ಗಾಳವನ್ನು ನೀರಿಗೆ ಇಳಿಸುತ್ತಲೇ ಇರಲಿಲ್ಲ. ಕಂದು ಬಣ್ಣದ ಮಂಕಿ ಟೋಪಿ ಹಾಕಿಕೊಂಡು, ಯಾವುದೋ ದೀಪಾವಳಿಗೆ ಕಂಪನಿ ಕೊಟ್ಟ ಸ್ವೆಟರ್ ತೊಟ್ಟು, ಬಿಸಿಲು ದಡದ ಕಲ್ಲುಗಳಿಗೆ ತಾಗುವುದನ್ನು ನೋಡುತ್ತಿದ್ದರು. ಕಲ್ಲು ಬೆಚ್ಚಗಾದರೆ ಅದರ ಪಕ್ಕದ ನೀರು ಬೆಚ್ಚಗಾಗುತ್ತದೆ, ಅಲ್ಲಿಗೆ ಸಣ್ಣ ಮೀನು ಬರುತ್ತವೆ, ಅವುಗಳ ಹಿಂದೆ ಮರಳ್ ಬರುತ್ತದೆ. ಈ ಲೆಕ್ಕ ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಹನ್ನೊಂದು ಗಂಟೆಗೆ ಡಬ್ಬಿ ಬಿಚ್ಚಿದರೆ ಅದರಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಉಳ್ಳಾಗಡ್ಡಿಯನ್ನು ಕಲ್ಲಿನ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆದು ದೊಡ್ಡ ಪಾಲು ನನಗೆ ಕೊಡುತ್ತಿದ್ದರು.

ಇನ್ನೊಂದು ಸಂಗತಿ ಹೇಳಬೇಕು. ಆ ಕೆರೆಯ ಏರಿಯ ಮೇಲೆ ಆಡು ಮೇಯಿಸುವ ಒಬ್ಬ ಮುದುಕಿ ಇದ್ದಳು. ಒಂದು ಭಾನುವಾರ ಅವಳ ಕನ್ನಡಕದ ಕಾಲು ಮುರಿದಿತ್ತು. ಕಾಕಾ ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಮುಂದಿನ ಭಾನುವಾರ ಸರಿ ಮಾಡಿಸಿ ತರುತ್ತೇನೆ ಎಂದರು. ಆ ವಾರ ಅವರಿಗೆ ಜ್ವರ ಬಂತು, ಶನಿವಾರ ಕೆಲಸಕ್ಕೂ ಬರಲಿಲ್ಲ. ಭಾನುವಾರ ನಾನು ಒಬ್ಬನೇ ಹೋಗಿ ದಡದಲ್ಲಿ ಕೂತಿದ್ದೆ. ಹತ್ತು ಗಂಟೆಯ ಹೊತ್ತಿಗೆ ಅವರು ಕಂಬಳಿ ಹೊದ್ದುಕೊಂಡು ಏರಿಯ ಮೇಲೆ ನಡೆದು ಬರುತ್ತಿದ್ದರು. ಬಸ್ಸು ಇಳಿದು ಎರಡು ಕಿಲೋಮೀಟರ್ ನಡೆದಿದ್ದರು. ಮುದುಕಿಗೆ ಕನ್ನಡಕ ಕೊಟ್ಟು, ಅವಳು ಹಾಕಿಕೊಂಡು ಆಚೆ ದಡದ ಆಡುಗಳನ್ನು ಎಣಿಸುವವರೆಗೆ ನಿಂತು, ಗಾಳದ ಕಡೆ ನೋಡದೆ ಹಿಂತಿರುಗಿದರು.

“ನನ್ನ ಕೈಯಲ್ಲಿ ಕೊಟ್ಟು ಕಳಿಸಬಹುದಿತ್ತಲ್ಲ ಕಾಕಾ,” ಎಂದೆ.

“ತರ್ತೀನಿ ಅಂದಾವ ನಾನ ಅಲ್ಲೇನ್ರಿ,” ಎಂದರು.

ನಾನು ಮನೆಯಲ್ಲಿ ಮಾತ್ರ ಇದ್ಯಾವುದನ್ನೂ ಹೇಳುತ್ತಿರಲಿಲ್ಲ. ಮದುವೆಯಾಗಿ ಒಂದು ವರ್ಷ ಆಗಿತ್ತಷ್ಟೆ. ನಮ್ಮದು, ನನ್ನ ಹೆಂಡತಿಯದು, ಎರಡೂ ಮೀನು ಮಾಂಸ ಮುಟ್ಟದ ಮನೆ. ಅವಳ ತವರಿನದು ಇನ್ನೂ ಕಟ್ಟುನಿಟ್ಟು. ಪುಣೆಯ ಜನ ಭಾನುವಾರ ಬೆಳಗ್ಗೆ ಎದ್ದು ಗುಡ್ಡ ಹತ್ತಲು ಹೋಗುತ್ತಾರೆ. ನಾನೂ ಹಾಗೇ ಟ್ರೆಕ್ಕಿಂಗ್ ಹೋಗುತ್ತೇನೆ ಎಂದು ಹೇಳಿದ್ದೆ. ಬೂಟು ಹಾಕಿಕೊಂಡು ಹೊರಡುತ್ತಿದ್ದೆ. ಸಂಜೆ ಬಂದ ಕೂಡಲೇ ಸ್ನಾನಕ್ಕೆ ಹೋಗುತ್ತಿದ್ದೆ. ನನಗೆ ಸಿಕ್ಕ ಮೀನನ್ನು ಕಾಕಾ ತಮ್ಮ ಮನೆಗೆ ಒಯ್ಯುತ್ತಿದ್ದರು.

ಎರಡನೆಯ ಚಳಿಗಾಲದ ಶುರುವಿನಲ್ಲಿ ಅವರಿಗೆ ಪೆಟ್ಟಾಯಿತು. ಪ್ರೆಸ್ ಶಾಪಿನಲ್ಲಿ ತಳ್ಳುಗಾಡಿಯಿಂದ ಒಂದು ಅಚ್ಚು ಜಾರಿತು. ಎದುರಿಗಿದ್ದವನ ಕಾಲಿನ ಮೇಲೆ ಬೀಳಬಾರದೆಂದು ಇವರು ಅದಕ್ಕೆ ಮೈಯೊಡ್ಡಿದರು. ಅವನ ಕಾಲು ಉಳಿಯಿತು, ಇವರ ಸೊಂಟ ಹೋಯಿತು. ಒಂದು ತಿಂಗಳು ಹಾಸಿಗೆ. ಎದ್ದ ಮೇಲೆ ಅಂಗಿಯ ಒಳಗೆ ಅಗಲವಾದ ಸೊಂಟದ ಪಟ್ಟಿ ಕಟ್ಟಿಕೊಂಡು, ಒಂದು ಪಕ್ಕಕ್ಕೆ ವಾಲಿ ನಡೆಯುವಂತಾದರು. ಭಾರ ಎತ್ತಬಾರದು ಎಂದು ಡಾಕ್ಟರು ಬರೆದುಕೊಟ್ಟರು. ಕಂಪನಿ ಅವರನ್ನು ಸಲಕರಣೆ ಕೊಡುವ ಉಗ್ರಾಣದಲ್ಲಿ ಕೂರಿಸಿತು. ಕಿಟಕಿಯ ಹಿಂದೆ ಸ್ಟೂಲಿನ ಮೇಲೆ ಕೂತು ಸ್ಪ್ಯಾನರು, ಡ್ರಿಲ್ಲು ಕೊಟ್ಟು ತೆಗೆದುಕೊಳ್ಳುವ ಕೆಲಸ. ಆದರೆ ಅದು ಫೆಬ್ರವರಿಯವರೆಗೆ ಮಾತ್ರ. ಆಮೇಲೆ ನೋಡಿ ತೀರ್ಮಾನ ಮಾಡುತ್ತೇವೆ ಎಂದಿದ್ದರು.

ಜನವರಿಯಲ್ಲಿ ಒಂದು ದಿನ ನಾನೇ ಅವರನ್ನು ಕರೆದೆ. ಕಾರು ತರುತ್ತೇನೆ, ದಡದಲ್ಲಿ ಕುರ್ಚಿ ಹಾಕುತ್ತೇನೆ, ಸುಮ್ಮನೆ ಬಿಸಿಲು ಕಾಯಿಸಿಕೊಂಡು ಕೂತಿರಿ ಎಂದೆ.

“ಬ್ಯಾಡ್ರಿ ಮೈಸೂರವ್ರ. ಮಂದಿ ನೋಡಿದ್ರ ಏನರೆ ಅಂತಾರ.”

“ಡಾಕ್ಟರೇ ಬಿಸಿಲಲ್ಲಿ ಕೂರಲು ಹೇಳಿದ್ದಾರಲ್ಲ.”

“ಅವರು ಅಂಗಳದಾಗ ಕೂಡ್ರಿ ಅಂದಾರ.”

ಅವರ ಮೇಲಿನ ಕರುಣೆಯಿಂದ ಕರೆದೆ ಎಂದರೆ ಅದು ಅರ್ಧ ಮಾತು. ಅವರಿಲ್ಲದೆ ನಾಲ್ಕು ಭಾನುವಾರ ನಾನು ಬರಿಗೈಯಲ್ಲಿ ಬಂದಿದ್ದೆ. ನೀರು ಓದುವ ಕಣ್ಣು ನನಗೆ ಬೇಕಾಗಿತ್ತು. ಮೂರು ಸಲ ಒತ್ತಾಯ ಮಾಡಿದೆ. ಮೂರನೆಯ ಸಲ ಬಂದರು.

ಅಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರನ್ನು ಕೂರಿಸಿದೆ. ಕಾರಿನಿಂದ ದಡದವರೆಗೆ ನನ್ನ ಹೆಗಲು ಹಿಡಿದು ಬಂದಿದ್ದರು. ಗಾಳ ಮುಟ್ಟಲಿಲ್ಲ. ಹನ್ನೆರಡು ಗಂಟೆಯ ಹೊತ್ತಿಗೆ ಮೆಲ್ಲಗೆ ಕೈ ತೋರಿಸಿದರು. “ಅಕಾ, ಆ ಕರೀ ಕಲ್ಲಿನ ಬಾಜೂಕ. ಗುಳ್ಳಿ ಎದ್ದದ ನೋಡ್ರಿ. ಅದರ ಆಚೆ ಒಗೀರಿ. ಹಾಂ. ಈಗ ಸಾವಕಾಶ. ಇನ್ನೂ ಸಾವಕಾಶ.”

ಹಿಡಿದದ್ದು ನನ್ನ ಜನ್ಮದಲ್ಲೇ ದೊಡ್ಡ ಮೀನು. ಕಲ್ಲಿನ ಸಂದಿಗೆ ನುಗ್ಗಲು ನೋಡಿತು. ಕಾಕಾ ಕುರ್ಚಿಯಿಂದಲೇ “ದಾರಾ ಬಿಡ್ರಿ, ಈಗ ಬಿಗಿ ಹಿಡೀರಿ” ಎಂದು ಹೇಳುತ್ತಾ ಹೋದರು, ನಾನು ಮಾಡುತ್ತಾ ಹೋದೆ. ಕೊನೆಗೆ ಮೊಣಕಾಲು ಮಟ್ಟ ತಣ್ಣೀರಿಗೆ ಇಳಿದು ಎರಡೂ ಕೈಯಲ್ಲಿ ಅಪ್ಪಿಕೊಂಡು ಮೇಲೆ ತಂದೆ. ಮೂರು ಕಿಲೋಗೆ ನೂರು ಗ್ರಾಂ ಕಡಿಮೆ. ತೂಗಿದವರು ಅವರೇ, ಕೆಸರು ತೊಳೆದು.

ನನಗೆ ಅದರ ಫೋಟೋ ಬೇಕಾಯಿತು. ಆದರೆ ನನ್ನ ಕೈಯಲ್ಲಿ ಮೀನಿರುವ ಫೋಟೋ ನನ್ನ ಫೋನಿನಲ್ಲಿ ಇರುವಂತಿರಲಿಲ್ಲ.

“ನೀವು ಹಿಡಿದುಕೊಳ್ಳಿ ಕಾಕಾ, ಒಂದೇ ಒಂದು,” ಎಂದೆ.

ಅವರನ್ನು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದೆ. ಅವರು ಹಲ್ಲು ಕಚ್ಚಿ ನೆಟ್ಟಗಾದರು. ಕುರ್ಚಿಯನ್ನು ಚಿತ್ರದಿಂದ ಆಚೆ ಸರಿಸಿದವನು ನಾನು, ಚೆನ್ನಾಗಿ ಬರಲಿ ಎಂದು. ಎರಡೂ ಕೈ ಎತ್ತಿ ಮೀನನ್ನು ಎದೆಯ ಮಟ್ಟಕ್ಕೆ ಹಿಡಿದರು. ನಾನು ಏನೋ ಅಂದೆ, ನಕ್ಕರು. ಆ ನಗುವೇ ಫೋಟೋದಲ್ಲಿ ಬಂತು. ಆಮೇಲೆ ಕಾರಿನವರೆಗೆ ಬರಲು ಅವರಿಗೆ ಅರ್ಧ ಗಂಟೆ ಹಿಡಿಯಿತು.

ಕಾರಿನಲ್ಲಿ ನಾನು, “ಯಾರಾದರೂ ಕೇಳಿದರೆ ಮೀನು ನೀವೇ ಹಿಡಿದದ್ದು ಅನ್ನಿ ಕಾಕಾ. ನನ್ನ ಮನೆಯಲ್ಲಿ ಗೊತ್ತಾದರೆ ಬಹಳ ಕಷ್ಟ,” ಎಂದೆ.

ತೂಕದಲ್ಲಿ ನೂರು ಗ್ರಾಂ ಹೆಚ್ಚು ಹೇಳದ ಮನುಷ್ಯನಿಗೆ ಅದನ್ನು ಹೇಳುತ್ತಿದ್ದೇನೆ ಎಂಬುದು ಆಗ ನನಗೆ ಹೊಳೆಯಲಿಲ್ಲ. ಅವರು ಅಂಗೈ ತೊಡೆಗೆ ಒರೆಸಿಕೊಂಡರು. “ಹೂಂ,” ಎಂದರು.

“ಆಣೆ?”

“ಆಣಿ ಯಾಕ್ರಿ. ಹೂಂ ಅಂದೆ ಅಂದ್ರ ಆತು.”

ಮೂರು ದಿನ ಆ ಫೋಟೋ ನನ್ನ ಫೋನಿನಲ್ಲಿ ಸುಮ್ಮನಿತ್ತು. ನನಗೆ ಸುಮ್ಮನಿರಲು ಆಗಲಿಲ್ಲ. ಕ್ಯಾಂಟೀನಿನಲ್ಲಿ ಮೀನಿನ ಮಾತು ಬಂದಾಗ ತೆಗೆದು ತೋರಿಸಿದೆ. “ಕಾಕಾ ಹಿಡಿದದ್ದು, ಭಾನುವಾರ” ಎಂದೆ. ನನ್ನ ಮೀನು ಎಲ್ಲರ ಕಣ್ಣಿಗೂ ಬೀಳಬೇಕು, ನನ್ನ ಹೆಸರು ಮಾತ್ರ ಬರಬಾರದು, ಅಷ್ಟೇ ನನಗೆ ಬೇಕಿದ್ದದ್ದು. ಫೋನು ಕೈಯಿಂದ ಕೈಗೆ ಹೋಯಿತು. ಸಿಬ್ಬಂದಿ ವಿಭಾಗದ ಅಧಿಕಾರಿಯೊಬ್ಬರು ಅಲ್ಲೇ ಊಟ ಮಾಡುತ್ತಿದ್ದರು. ನಮ್ಮ ಕಟ್ಟಡದಲ್ಲೇ ಎರಡು ಮಹಡಿ ಮೇಲೆ ಅವರ ಮನೆ. ಅವರ ಹೆಂಡತಿಯೂ ನನ್ನ ಹೆಂಡತಿಯೂ ಸೇರಿ ಸಂಜೆ ತರಕಾರಿಗೆ ಹೋಗುತ್ತಿದ್ದರು. ಅವರೂ ಫೋನು ತೆಗೆದುಕೊಂಡು ನೋಡಿದರು. ಬೆರಳಿನಿಂದ ದೊಡ್ಡದು ಮಾಡಿ ನೋಡಿ ಹಿಂದಕ್ಕೆ ಕೊಟ್ಟರು.

ಮಧ್ಯಾಹ್ನ ಅವರಿಂದ ಸಂದೇಶ ಬಂತು, ಆ ಫೋಟೋ ಕಳಿಸು ಎಂದು.

ಯಾಕೆ ಕೇಳುತ್ತಿದ್ದಾರೆ ಎಂಬುದು ನನಗೆ ಅರ್ಥವಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅರ್ಥವಾಗಿತ್ತು. ಮಾರ್ಚಿನಲ್ಲಿ ನನ್ನ ಕೆಲಸ ಕಾಯಂ ಆಗಬೇಕಿತ್ತು, ಅದಕ್ಕೆ ಅವರ ಸಹಿಯೂ ಬೇಕಿತ್ತು. ಇಲ್ಲ ಎನ್ನಲು ಒಂದು ಕಾರಣ ಹೊಳೆಯುತ್ತದೇನೋ ಎಂದು ಒಂದು ನಿಮಿಷ ಕೂತೆ. ಹೊಳೆಯಲಿಲ್ಲ. ಕಳಿಸಿದೆ.

ಫೆಬ್ರವರಿಯ ಸಭೆಗೆ ನನ್ನನ್ನೂ ಕರೆದರು. ಮ್ಯಾನೇಜರ್, ಆ ಅಧಿಕಾರಿ, ಕಂಪನಿಯ ಡಾಕ್ಟರು ಮೇಜಿನ ಒಂದು ಕಡೆ. ಇನ್ನೊಂದು ಕಡೆ ಕಾಕಾ, ಕುರ್ಚಿಯ ಅಂಚಿನಲ್ಲಿ, ಸೊಂಟ ಎಲ್ಲಿಗೂ ತಾಗದಂತೆ. ಲ್ಯಾಪ್‌ಟಾಪಿನಲ್ಲಿ ಆ ಫೋಟೋ ಇತ್ತು. ಇಷ್ಟು ದೊಡ್ಡ ಮೀನನ್ನು ನೀರಿನಿಂದ ಎಳೆದು ಎತ್ತಿ ನಿಲ್ಲಬಲ್ಲವನಿಗೆ ಪ್ರೆಸ್ ಶಾಪಿನಲ್ಲಿ ನಿಲ್ಲಲು ಏನು ತೊಂದರೆ ಎಂಬುದು ಅವರ ಪ್ರಶ್ನೆ.

ಮ್ಯಾನೇಜರ್ ನನ್ನ ಕಡೆ ತಿರುಗಿದರು. ಅವರು ಕೆಟ್ಟವರಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದರು. “ನೀನೂ ಅಲ್ಲಿದ್ದೆಯಂತಲ್ಲ. ಮಾಸಾ ಕೋಣೀ ಪಕಡಲಾ?” ಮೀನು ಹಿಡಿದವರು ಯಾರು?

ಒಂದು ಮಾತು. ನಾನು, ಎಂದರೆ ಸಾಕಿತ್ತು. ಅವರು ಕುರ್ಚಿಯಲ್ಲಿ ಕೂತಿದ್ದರು, ನಾನೇ ಎಬ್ಬಿಸಿ ನಿಲ್ಲಿಸಿದೆ ಎಂದರೆ ಮುಗಿಯುತ್ತಿತ್ತು. ಕಾಕಾ ನನ್ನ ಮುಖ ನೋಡಿದರು. ಬೇಡಿಕೊಳ್ಳುವ ನೋಟವಲ್ಲ ಅದು. ದಡದಲ್ಲಿ ಕೂತು ನೀರನ್ನು ನೋಡುತ್ತಿದ್ದ ಹಾಗೆಯೇ, ಅವಸರವಿಲ್ಲದೆ ಕಾಯುತ್ತಾ ನೋಡಿದರು. ನನ್ನ ತಲೆಯಲ್ಲಿ ಆಗ ಓಡುತ್ತಿದ್ದದ್ದು ಇಷ್ಟು: ಸಂಜೆ ಈ ಮಾತು ಎರಡು ಮಹಡಿ ಇಳಿದು ನಮ್ಮ ಮನೆಗೆ ಬರುತ್ತದೆ. ಕ್ಯಾಂಟೀನಿನಲ್ಲಿ ಸುಳ್ಳು ಹೇಳಿದ್ದೂ ಬಯಲಾಗುತ್ತದೆ.

ನಾನು ಲ್ಯಾಪ್‌ಟಾಪ್ ನೋಡುತ್ತಾ ನಿಂತೆ.

ಕಾಕಾ ಅಂಗೈ ಎರಡನ್ನೂ ತೊಡೆಗೆ ಒರೆಸಿಕೊಂಡರು. “ಮೀಚ, ಸಾಹೇಬ,” ಎಂದರು. ನಾನೇ, ಸಾಹೇಬರೇ.

ಮ್ಯಾನೇಜರ್ ಒಂದು ಕ್ಷಣ ನನ್ನನ್ನೇ ನೋಡಿದರು. ನಾನು ತಲೆಯಾಡಿಸಿದೆ. ಹೌದು ಎಂದು ಬಾಯಿ ಬಿಟ್ಟು ಹೇಳಲಿಲ್ಲ ಎಂಬುದನ್ನು ಎಷ್ಟೋ ವರ್ಷ ನನ್ನ ಪರವಾಗಿ ನಾನೇ ಹೇಳಿಕೊಂಡಿದ್ದೇನೆ.

ಸಭೆ ಮುಗಿದ ಮೇಲೆ ಗೇಟಿನ ಹತ್ತಿರ ಅವರನ್ನು ಹಿಡಿದೆ. ಅವರು ಗೋಡೆಗೆ ಕೈ ಕೊಟ್ಟು ನಿಧಾನವಾಗಿ ಹೋಗುತ್ತಿದ್ದರು.

“ಕಾಕಾ, ನೀವು ನಿಜ ಹೇಳಿಬಿಡಬಹುದಿತ್ತು,” ಎಂದೆ. ಎಂಥ ಮಾತು ಅದು. ತಪ್ಪನ್ನು ಅವರ ಕಡೆಗೇ ತಳ್ಳಿದೆ.

ಅವರು ನಿಂತರು. “ಗುಟ್ಟು ನಿಮ್ದು. ನೀವ ಹೇಳಬೇಕಾಗಿತ್ರಿ. ನಾ ಹೂಂ ಅಂದಿದ್ದೆ.”

“ಈಗ ಒಳಗೆ ಹೋಗಿ ಹೇಳ್ತೀನಿ.”

“ಹೋಗ್ರಿ,” ಎಂದರು. ಅದರಲ್ಲಿ ವ್ಯಂಗ್ಯ ಇರಲಿಲ್ಲ. ನಾನು ಹೋಗುತ್ತೇನೆ ಎಂದು ಅವರು ನಂಬಿದ್ದರೋ ಏನೋ, ಗೇಟಿನ ಬಳಿಯ ಕಟ್ಟೆಯ ಮೇಲೆ ಕೂತರು. ನಾನು ಒಳಗೆ ಹೋಗಿ, ನನ್ನ ಮೇಜಿಗೆ ಹೋಗಿ, ಕಂಪ್ಯೂಟರ್ ಆನ್ ಮಾಡಿದೆ. ಅರ್ಧ ಗಂಟೆಯ ಮೇಲೆ ಕಿಟಕಿಯಿಂದ ನೋಡಿದಾಗಲೂ ಅವರು ಅಲ್ಲೇ ಕೂತಿದ್ದರು. ಒಂದು ಗಂಟೆಯ ಮೇಲೆ ನೋಡಿದಾಗ ಕಟ್ಟೆ ಖಾಲಿಯಾಗಿತ್ತು.

ಅವರನ್ನು ಮತ್ತೆ ಪ್ರೆಸ್ ಶಾಪಿಗೆ ಹಾಕಿದರು. ಹನ್ನೊಂದು ದಿನ ಮಾಡಿದರು. ಹನ್ನೆರಡನೆಯ ದಿನ ರಾಜೀನಾಮೆ ಕೊಟ್ಟು, ಮನೆ ಖಾಲಿ ಮಾಡಿ, ಇಂದಾಪುರದಲ್ಲಿದ್ದ ಮಗಳ ಮನೆಗೆ ಹೋದರು. ಅಳಿಯನಿಗೆ ನೀರೆತ್ತುವ ಮೋಟಾರು ರಿಪೇರಿ ಮಾಡುವ ಅಂಗಡಿ ಇತ್ತು. ಅಲ್ಲಿ ಕೂತು ಬಂದವರೊಂದಿಗೆ ಮಾತಾಡುತ್ತಾರೆ ಎಂದು ಯಾರೋ ಹೇಳಿದರು. ಮಾರ್ಚಿನಲ್ಲಿ ನನ್ನ ಕೆಲಸ ಕಾಯಂ ಆಯಿತು.

ಆಮೇಲೆ ನಾನು ಗಾಳ ಮುಟ್ಟಲಿಲ್ಲ. ಟ್ರೆಕ್ಕಿಂಗ್ ಯಾಕೆ ಬಿಟ್ಟೆ ಎಂದು ಹೆಂಡತಿ ಕೇಳಿದಾಗ ಮೊಣಕಾಲು ನೋವು ಎಂದೆ. ಎರಡು ವರ್ಷದ ಮೇಲೆ ಆ ಕಾರ್ಖಾನೆಯನ್ನೂ ಬಿಟ್ಟು ಪುಣೆಯ ಯೆರವಡಾದ ಒಂದು ಐಟಿ ಕಚೇರಿ ಸೇರಿದೆ.

ಕಾಕಾ ಮಾತ್ರ ಚಳಿಗಾಲಕ್ಕೊಮ್ಮೆ ಫೋನು ಮಾಡುತ್ತಿದ್ದರು.

“ಏನ್ ಮೈಸೂರವ್ರ, ಆರಾಮ ಅದೀರೇನ್ರಿ?”

“ಆರಾಮ ಕಾಕಾ. ಸೊಂಟ ಹೇಗಿದೆ?”

“ಅದೇನ್ರಿ, ಅದು ಇದ್ದಂಗ ಅದ. ಇಲ್ಲಿ ಉಜನಿ ಡ್ಯಾಮಿನ ನೀರು ಹತ್ರಾನ ಅದ ನೋಡ್ರಿ. ಸಮುದ್ರ ಆದಂಗ ಅದ. ಒಮ್ಮೆ ಬರ್ರಿ. ನಾ ದಂಡ್ಯಾಗ ಕೂತು ಹೇಳ್ತೀನಿ, ನೀವ ಒಗೀರಿ.”

“ಬರ್ತೀನಿ ಕಾಕಾ, ಈ ಸಲ ಖಂಡಿತ ಬರ್ತೀನಿ.”

ನಾಲ್ಕು ಚಳಿಗಾಲ ಹಾಗೆ ಹೇಳಿದೆ. ಐದನೆಯ ಸಲ ಅವರ ಹೆಸರು ಫೋನಿನಲ್ಲಿ ಬಂದಾಗ ಎತ್ತಲಿಲ್ಲ. ಆಮೇಲೆ ಅವರು ಮಾಡಲಿಲ್ಲ.

ಈ ವರ್ಷ ಸಂಕ್ರಾಂತಿ ಆಗಿ ಒಂದು ವಾರಕ್ಕೆ, ಉಗ್ರಾಣದಲ್ಲಿ ಅವರ ಜೊತೆ ಕೆಲಸ ಮಾಡಿದ್ದ ಹಳೆಯ ಪರಿಚಯದವರೊಬ್ಬರು ಫೋನು ಮಾಡಿದರು. ಎದೆನೋವು ಬಂದು ಕಾಕಾ ಹೋದರು, ಹದಿನೈದು ದಿನ ಆಯಿತು ಎಂದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಹೆಂಡತಿ ತಿರುಗಿ ನೋಡಿದಳು. ಏನಾಯ್ತು ಎಂದಳು. ಹೇಳಲು ಶುರು ಮಾಡಿದವನಿಗೆ ನಿಲ್ಲಿಸಲು ಆಗಲಿಲ್ಲ. ಕೆರೆ, ಬೂಟು, ಮೀನು, ಫೋಟೋ, ಸಭೆ, ಗೇಟಿನ ಕಟ್ಟೆ ಎಲ್ಲ ಹೇಳಿದೆ.

ಅವಳು ಒಲೆ ಆರಿಸಿ ಕೇಳಿಸಿಕೊಂಡಳು. ಎಲ್ಲ ಮುಗಿದ ಮೇಲೆ, “ನಾನು ಏನು ಮಾಡ್ತೀನಿ ಅಂದ್ಕೊಂಡಿದ್ದೆ?” ಎಂದಳು.

“ಗೊತ್ತಿಲ್ಲ.”

“ಒಂದು ವಾರ ಮಾತು ಬಿಡ್ತಿದ್ದೆ ಅನ್ಸತ್ತೆ. ಅಮ್ಮಂಗೆ ಹೇಳ್ತಾ ಇರ್ಲಿಲ್ಲ. ಅಷ್ಟೇ ಕಣೋ.” ಅವಳು ಅತ್ತಳು. ನನ್ನ ಮೇಲಿನ ಸಿಟ್ಟಿನಿಂದಲೋ, ತಾನು ಕಾಣದೇ ಇದ್ದ ಆ ಮನುಷ್ಯನಿಗಾಗಿಯೋ, ನಾನು ಕೇಳಲಿಲ್ಲ. “ಹೋಗಿ ಅವರ ಮನೇಲಿ ಹೇಳಿ ಬಾ. ಇಲ್ಲಿ ನಂಗೆ ಹೇಳಿದ್ರೆ ಏನು ಬಂತು,” ಎಂದಳು.

ಮುಂದಿನ ಭಾನುವಾರ ಇಂದಾಪುರದ ಬಸ್ಸು ಹತ್ತಿದೆ. ಸೋಲಾಪುರ ರಸ್ತೆಯುದ್ದಕ್ಕೂ ಕಬ್ಬಿನ ಗಾಡಿಗಳು. ಮೋಟಾರು ರಿಪೇರಿಯ ಅಂಗಡಿ ಬಸ್ ನಿಲ್ದಾಣದಿಂದ ದೂರವಿರಲಿಲ್ಲ, ಅದರ ಹಿಂದೆಯೇ ಮನೆ. ಕಾಕಾ ಅವರ ಹೆಂಡತಿ, ಕಾಕೂ, ಬಾಗಿಲು ತೆಗೆದರು. ಮೊದಲು ಎರಡೇ ಸಲ ನೋಡಿದ್ದೆ, ಆದರೂ ಗುರುತು ಹಿಡಿದರು. “ಮೈಸೂರವ್ರಲ್ಲೇನ್ರಿ? ಬರ್ರಿ, ಒಳಗ ಬರ್ರಿ. ನಿಮ್ಮ ಹೆಸರು ಭಾಳ ತಗೀತಿದ್ರು.”

ಚಹಾ ಕೊಟ್ಟರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಮಾತು ಶುರು ಮಾಡಿದರು. ಹೊಸದಾಗಿ ಸಾವಾದ ಮನೆಯಲ್ಲಿ ಬಂದವರಿಗೆಲ್ಲ ಹೇಳಿ ಹೇಳಿ ರೂಢಿಯಾದ ಹಾಗೆ ಹೇಳಿದರು.

“ಮನುಷ್ಯಾ ಚೊಲೋ ಇದ್ದ್ರು. ಅದೊಂದು ಮೀನಿನ ಹುಚ್ಚ ಕೆಡಿಸಿತ್ರಿ. ಎದ್ದು ನಿಲ್ಲಾಕ ಬರೂದಿಲ್ಲ ಅಂತ ಕುಂತಾವ್ರು, ಆ ಕೆರಿಗೆ ಹೋಗಿ ಗಾಳಾ ಯಾಕ ಹಿಡೀಬೇಕಿತ್ರಿ? ಆ ಮೀನಾ ನಾನ ಕೈಯಾರೆ ಮಾಡಿ ಬಡಿಸೀನಿ. ನೌಕರಿ ಹೋತು. ಮಗಳ ಮನ್ಯಾಗ ಬಂದು ಕುಂತ್ವಿ. ಸಿಟ್ಟ ಬಂದಾಗೆಲ್ಲ ಅಂತಿದ್ದೆ, ನಿಮ್ಮ ಬಾಯಿ ಚಪಲಕ್ಕ ಮನಿ ಹಾಳ ಮಾಡಿದ್ರಿ ಅಂತ. ಒಂದ ದಿನ ಮಾರಿ ಎತ್ತಿ ಮಾತಾಡಲಿಲ್ಲ.”

ಕಾಕಾ ಹೆಂಡತಿಗೂ ಹೇಳಿರಲಿಲ್ಲ. ಇಷ್ಟು ವರ್ಷ, ಒಂದೇ ಮನೆಯಲ್ಲಿ, ಆ ಮಾತು ಕೇಳಿಸಿಕೊಳ್ಳುತ್ತಾ, ನನಗೆ ಅಂದ ಒಂದು ‘ಹೂಂ’ ಉಳಿಸಿಕೊಂಡಿದ್ದರು.

ಹೇಳದೆ ಎದ್ದು ಹೋಗಬಹುದಿತ್ತು. ಗಂಡ ಹೋದ ಹೆಂಗಸಿಗೆ ಈಗ ಹೇಳಿ ನೋಯಿಸುವುದು ಯಾಕೆ ಎಂಬ ಒಳ್ಳೆಯ ಕಾರಣವೂ ತಯಾರಿತ್ತು. ನನ್ನ ಒಳ್ಳೆಯ ಕಾರಣಗಳ ಬಗ್ಗೆ ಅಷ್ಟು ಹೊತ್ತಿಗೆ ನನಗೆ ಸಾಕಷ್ಟು ಗೊತ್ತಾಗಿತ್ತು. ಚಹಾದ ಕಪ್ಪು ಕೆಳಗಿಟ್ಟು ಹೇಳಿದೆ. ಮೀನು ನಾನು ಹಿಡಿದದ್ದು ಎಂದೆ. ಅವರು ಗಾಳ ಮುಟ್ಟಲೇ ಇಲ್ಲ, ಬರಲೊಲ್ಲೆ ಎಂದವರನ್ನು ನಾನೇ ಕರೆದುಕೊಂಡು ಹೋದೆ, ನಾನೇ ಎಬ್ಬಿಸಿ ಕೈಗೆ ಮೀನು ಕೊಟ್ಟೆ, ಫೋಟೋ ಕಳಿಸಿದವನೂ ನಾನೇ, ಕೇಳಿದಾಗ ಸುಮ್ಮನಿದ್ದವನೂ ನಾನೇ.

ಕಾಕೂ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕೇಳಿದರು. ಮುಗಿದ ಮೇಲೆ ಎದ್ದು ಹಿಂಬಾಗಿಲಿಗೆ ಹೋಗಿ, ಅಂಗಡಿಯಲ್ಲಿದ್ದ ಅಳಿಯನನ್ನು, ಒಳಗಿದ್ದ ಮಗಳನ್ನು ಕೂಗಿ ಕರೆದರು. ಅಳಿಯನ ಕೈಯಲ್ಲಿ ಇನ್ನೂ ತಾಮ್ರದ ತಂತಿ ಇತ್ತು.

“ಈಗ ಹೇಳಿದ್ದು ಇನ್ನೊಮ್ಮೆ ಹೇಳ್ರಿ. ಇವರ ಮುಂದ,” ಎಂದರು.

ಇನ್ನೊಮ್ಮೆ ಹೇಳಿದೆ. ಎರಡನೆಯ ಸಲ ಇನ್ನೂ ಕಷ್ಟವಾಯಿತು, ಮಗಳ ಮುಖ ಕಾಕಾ ಮುಖದಂತೆಯೇ ಇತ್ತು. ಅವಳು ಗೋಡೆಗೆ ಒರಗಿ ನಿಂತು ಒಂದೇ ಒಂದು ಕೇಳಿದಳು. “ಅಪ್ಪಾ ಬದುಕಿದ್ದಾಗ ಯಾಕ ಬರಲಿಲ್ರಿ?”

ಬೈಯಲಿ ಎಂದು ಕಾದೆ. ಯಾರೂ ಬೈಯಲಿಲ್ಲ. ಕಾಕೂ ನೆಲ ನೋಡುತ್ತಾ ತಮ್ಮಷ್ಟಕ್ಕೆ, “ನಾ ಅವರಿಗೆ ಭಾಳ ಅಂದೀನಿ,” ಎಂದರು. ಮತ್ತೊಮ್ಮೆ ಅದನ್ನೇ ಅಂದರು. ಒಳಗೆ ಅಡುಗೆಯಾಗುತ್ತಿತ್ತು, ರೊಟ್ಟಿ ಸುಡುವ ವಾಸನೆ ಬರುತ್ತಿತ್ತು. ಮಗಳು ಒಳಗೆ ಹೋದಳು. ಅಳಿಯ ತಂತಿಯನ್ನು ಕಿಟಕಿಯ ಮೇಲಿಟ್ಟು ಹಾಗೇ ನಿಂತ.

ನಾನು ಎದ್ದೆ. ಕಾಕೂ ಬಾಗಿಲವರೆಗೆ ಬಂದರು.

“ಊಟದ ಹೊತ್ತಿಗೆ ಮನ್ಯಾಗ ಬಂದವ್ರಿಗೆ ಉಂಡು ಹೋಗ್ರಿ ಅನ್ನಬೇಕ್ರಿ,” ಎಂದರು. “ಅವರು ಇದ್ದಿದ್ರ ನಿಮ್ಮನ್ನ ಹಂಗ ಕಳಸ್ತಿರಲಿಲ್ಲ. ನನ್ನ ಬಾಯಾಗ ಇವತ್ತ ಆ ಮಾತು ಬರವಲ್ದು. ತಪ್ಪ ತಿಳೀಬ್ಯಾಡ್ರಿ.”

ಇಲ್ಲ ಎಂದು ಕೈ ಮುಗಿದೆ. ಚಪ್ಪಲಿ ಹಾಕಿಕೊಳ್ಳುವಾಗ ನನ್ನ ಹಿಂದೆ ಬಾಗಿಲು ಮುಚ್ಚಿದ ಸದ್ದಾಯಿತು. ಮೆಲ್ಲಗೆ ಮುಚ್ಚಿದ್ದರು.